ಸ್ಪೀಕರ್ ಆಂಪ್‌ಗೆ ಹೆಡ್‌ಫೋನ್: ವ್ಯಾಟ್ ಬಿಡಿ, ವೋಲ್ಟ್ ನೋಡಿ

50 ವ್ಯಾಟ್‌ನ ಸ್ಪೀಕರ್ ಆಂಪ್ಲಿಫೈಯರ್‌ಗೆ ಹೆಡ್‌ಫೋನ್ ಜೋಡಿಸುವ ಮಾತು ಬಂದರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ: ಸುಟ್ಟುಹೋಗುವುದಿಲ್ಲವೇ? ಇದಕ್ಕೆ ಉತ್ತರ ಸಿಗಬೇಕಾದರೆ ಪೆಟ್ಟಿಗೆಯ ಮೇಲಿನ ವ್ಯಾಟ್ ಸಂಖ್ಯೆಯನ್ನು ಸ್ವಲ್ಪ ಹೊತ್ತು ಮರೆಯಬೇಕು. ಆಂಪ್ ಹೊರಗೆ ಕೊಡುವುದು ವೋಲ್ಟೇಜ್. ಅದರಿಂದ ಎಷ್ಟು ವ್ಯಾಟ್ ಎಳೆದುಕೊಳ್ಳಬೇಕು ಎಂದು ತೀರ್ಮಾನಿಸುವುದು ಲೋಡ್, ಅಂದರೆ ಜೋಡಿಸಿದ ಸ್ಪೀಕರ್ ಅಥವಾ ಹೆಡ್‌ಫೋನ್. 8 ಓಮ್‌ಗೆ 50 ವ್ಯಾಟ್ ಅಂದರೆ 20 ವೋಲ್ಟ್. ಅದೇ 20 ವೋಲ್ಟ್ 300 ಓಮ್‌ನ ಹೆಡ್‌ಫೋನ್‌ಗೆ ಸಿಕ್ಕಾಗ ಆಗುವುದು 1.33 ವ್ಯಾಟ್, 32 ಓಮ್‌ನದಕ್ಕೆ ಸಿಕ್ಕರೆ 12.5 ವ್ಯಾಟ್. ಎರಡನೆಯದು ಖಂಡಿತ ಸುಡುತ್ತದೆ. ಆದರೆ ವಾಲ್ಯೂಮ್ ತೀರಾ ಏರಿಸಿದರೆ ಮಾತ್ರ.

ನಿಜಕ್ಕೂ ಇಷ್ಟು ಬಲ ಬೇಕಾದ ಹೆಡ್‌ಫೋನ್‌ಗಳು ಕಡಿಮೆ. ಸೆನ್‌ಹೈಸರ್ ಎಚ್‌ಡಿ 650 ಒಂದು ವೋಲ್ಟ್‌ಗೆ 103 ಡೆಸಿಬೆಲ್ ಕೊಡುತ್ತದೆ. ಹಾಡಿನ ಅತಿ ಜೋರಾದ ಕ್ಷಣಕ್ಕೆ 110 ಡೆಸಿಬೆಲ್‌ನ ಶಿಖರ ಮುಟ್ಟಲು 2.24 ವೋಲ್ಟ್, ಅಂದರೆ 17 ಮಿಲಿವ್ಯಾಟ್ ಸಾಕು. ಇದಕ್ಕೆ ಸ್ಪೀಕರ್ ಆಂಪ್ ಅಗತ್ಯವೇ ಇಲ್ಲ. ಹೈಫೈಮ್ಯಾನ್ ಎಚ್‌ಇ-6ರ ಕಥೆ ಬೇರೆ. ಅದು 50 ಓಮ್‌ನದು, ಒಂದು ಮಿಲಿವ್ಯಾಟ್‌ಗೆ ಕೊಡುವುದು 83.5 ಡೆಸಿಬೆಲ್. ಅದೇ 110 ಮುಟ್ಟಲು ಅದಕ್ಕೆ ಸುಮಾರು 450 ಮಿಲಿವ್ಯಾಟ್, ಅಂದರೆ 4.7 ವೋಲ್ಟ್ ಬೇಕು. ಕಿವಿಗೆ ತಾಗದೆ ಪಕ್ಕದಲ್ಲಿ ನಿಲ್ಲುವ ಎಕೆಜಿ ಕೆ1000 ಇನ್ನೂ ಹಸಿದದ್ದು: 120 ಓಮ್, ಮಿಲಿವ್ಯಾಟ್‌ಗೆ 74 ಡೆಸಿಬೆಲ್. 104 ಡೆಸಿಬೆಲ್‌ಗೇ ಒಂದು ವ್ಯಾಟ್, 11 ವೋಲ್ಟ್ ಕೇಳುತ್ತದೆ. 8 ಓಮ್‌ಗೆ 15 ವ್ಯಾಟ್ ಕೊಡುವ ಆಂಪ್‌ನ ವೋಲ್ಟೇಜ್ ಪೂರ್ತಿ ಅಲ್ಲಿಗೇ ಖರ್ಚು. ಸ್ಪೀಕರ್ ಆಂಪ್ ಇಂಥವಕ್ಕೆ ಹೇಳಿ ಮಾಡಿಸಿದ್ದು.

ಉಳಿದ ಹೆಡ್‌ಫೋನ್‌ಗಳಲ್ಲಿ ದಿನನಿತ್ಯ ಕಾಡುವುದು ಸುಡುವ ಭಯವಲ್ಲ, ಆಂಪ್‌ನ ಒಳಗೇ ಹುಟ್ಟುವ ಸುಯ್ ಸದ್ದು. ಸ್ಪೀಕರ್ ಆಂಪ್‌ನ ಗೇನ್ (ಬಂದ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಸಾಮಾನ್ಯವಾಗಿ 26 ಡೆಸಿಬೆಲ್ ಆಸುಪಾಸು, ಅಂದರೆ 20 ಪಟ್ಟು. ಔಟ್‌ಪುಟ್‌ನಲ್ಲಿ 100 ಮೈಕ್ರೋವೋಲ್ಟ್ ಶಬ್ದ ಇದ್ದರೆ ಅದು ಕೆಟ್ಟ ಆಂಪ್ ಏನಲ್ಲ. ಎಚ್‌ಇ-6ರಲ್ಲಿ ಆ ಸದ್ದು 17 ಡೆಸಿಬೆಲ್‌ಗಿಂತ ಕೆಳಗೆ, ಕೋಣೆಯ ನಿಶ್ಶಬ್ದದಲ್ಲೇ ಕರಗುತ್ತದೆ. ವೋಲ್ಟ್‌ಗೆ 120 ಡೆಸಿಬೆಲ್ ಕೊಡುವ ಇಯರ್‌ಫೋನ್‌ನಲ್ಲಿ ಅದೇ ಸದ್ದು 40 ಡೆಸಿಬೆಲ್. ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಸುಯ್ ಎನ್ನುವ ಸದ್ದು ಕಿವಿಗೆ ಅಂಟಿಕೊಂಡೇ ಇರುತ್ತದೆ, ಏಕೆಂದರೆ ಅದು ಹುಟ್ಟುವುದು ವಾಲ್ಯೂಮ್ ಗುಂಡಿಯ ಆಚೆ. ಜೊತೆಗೆ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಜೋರಾಗುತ್ತದೆ. ಆ ಆರಂಭದ ಭಾಗದಲ್ಲಿ ಗುಂಡಿಯ ಒಳಗಿನ ಜೋಡಿ ಪೊಟೆನ್ಷಿಯೋಮೀಟರ್‌ನ ಎರಡು ಪಟ್ಟಿಗಳೂ ಒಂದೇ ಸಮ ಇರುವುದಿಲ್ಲವಾದ್ದರಿಂದ ಹಾಡು ಒಂದು ಕಿವಿಯ ಕಡೆ ವಾಲುತ್ತದೆ.

ಈ ಮೂರೂ ತೊಂದರೆಗೆ ಮದ್ದು ಒಂದೇ: ಆಂಪ್ ಮತ್ತು ಹೆಡ್‌ಫೋನ್ ನಡುವೆ ರೆಸಿಸ್ಟರ್‌ಗಳ ಸಣ್ಣ ಡಬ್ಬಿ. ಒಂದು ಚಾನೆಲ್‌ಗೆ 47 ಓಮ್, 10 ವ್ಯಾಟ್‌ನ ಎರಡು ವೈರ್‌ವೌಂಡ್ ರೆಸಿಸ್ಟರ್ ತೆಗೆದುಕೊಂಡು ಸಮಾಂತರವಾಗಿ ಜೋಡಿಸಿ, 23.5 ಓಮ್ ಆಗುತ್ತದೆ. ಅದರ ಒಂದು ತುದಿ ಆಂಪ್‌ನ ಕೆಂಪು ಟರ್ಮಿನಲ್‌ಗೆ. ಇನ್ನೊಂದು ತುದಿಯಿಂದ ಕಪ್ಪು ಟರ್ಮಿನಲ್‌ಗೆ 3.3 ಓಮ್, 5 ವ್ಯಾಟ್‌ನ ರೆಸಿಸ್ಟರ್. ಹೆಡ್‌ಫೋನ್ ಕೂರುವುದು ಈ 3.3 ಓಮ್‌ನ ಎರಡು ತುದಿಗಳ ಮೇಲೆ. 32 ಓಮ್ ಹೆಡ್‌ಫೋನ್ ಇದ್ದರೆ ಮಟ್ಟ 19 ಡೆಸಿಬೆಲ್ ಇಳಿಯುತ್ತದೆ, ಆಂಪ್‌ನ ಸುಯ್ ಸದ್ದೂ ಅಷ್ಟೇ ಇಳಿಯುತ್ತದೆ. 20 ವೋಲ್ಟ್ ಪೂರ್ತಿ ಬಂದರೂ ಹೆಡ್‌ಫೋನ್ ಕಾಣುವುದು 2.26 ವೋಲ್ಟ್. ಆಗ 47 ಓಮ್‌ನ ಪ್ರತಿಯೊಂದರಲ್ಲೂ ಸುಮಾರು 6.7 ವ್ಯಾಟ್, 3.3 ಓಮ್‌ನದರಲ್ಲಿ ಒಂದೂವರೆ ವ್ಯಾಟ್ ಶಾಖವಾಗುತ್ತದೆ. ಹಾಡು ಕೇಳುವಾಗ ಇದರ ಸಣ್ಣ ಪಾಲೂ ಇರದು. ಆದರೂ ಮೂಲದಲ್ಲಿ ಏನಾದರೂ ಕೈಕೊಟ್ಟ ದಿನಕ್ಕೆಂದು ಡಬ್ಬಿಗೆ ಗಾಳಿಕಿಂಡಿ ಇರಲಿ, ರೆಸಿಸ್ಟರ್ ಬೋರ್ಡ್‌ನಿಂದ ಅರ್ಧ ಸೆಂಟಿಮೀಟರ್ ಮೇಲೆ ನಿಲ್ಲಲಿ. ಎಚ್‌ಇ-6, ಕೆ1000ಗಳಿಗೆ ಈ ಡಬ್ಬಿ ಬೇಡ, ಅವಕ್ಕೆ ನೇರ ಜೋಡಣೆಯೇ ಸರಿ.

ಇಷ್ಟೆಲ್ಲ ರೆಸಿಸ್ಟರ್‌ಗಳ ಗೊಡವೆ ಯಾಕೆ, ಸರಣಿಯಲ್ಲಿ ಒಂದು 220 ಓಮ್ ಹಾಕಿದರೆ ಆಯಿತಲ್ಲ ಎನ್ನುವವರಿದ್ದಾರೆ. ಹಳೆಯ ರಿಸೀವರ್‌ಗಳ ಹೆಡ್‌ಫೋನ್ ಕಿಂಡಿಯ ಹಿಂದೆ ಇದ್ದದ್ದೂ ಅಂಥದ್ದೇ. ಸದ್ದು ಇಳಿಯುತ್ತದೆ ನಿಜ, ಆದರೆ ಸ್ವರದ ಬಣ್ಣ ಬದಲಾಗುತ್ತದೆ. 32 ಓಮ್ ಎಂದು ಬರೆದಿರುವ ಡೈನಾಮಿಕ್ ಹೆಡ್‌ಫೋನ್ ಎಲ್ಲ ಆವರ್ತನದಲ್ಲೂ 32 ಓಮ್ ಇರುವುದಿಲ್ಲ, ಬಾಸ್‌ನ ಅನುರಣನದಲ್ಲಿ ಅದು 80ಕ್ಕೆ ಏರಬಹುದು. ಮೂಲದ ಇಂಪೀಡೆನ್ಸ್ (ಎಸಿ ಸಂಕೇತಕ್ಕೆ ಒಡ್ಡುವ ತಡೆ) 220 ಬೇಡ, 120 ಓಮ್ ಇದ್ದರೂ ಆ ಜಾಗದಲ್ಲಿ ಬಾಸ್ ಐದೂವರೆ ಡೆಸಿಬೆಲ್ ಉಬ್ಬುತ್ತದೆ. ಮೇಲಿನ ಡಬ್ಬಿಯ ಔಟ್‌ಪುಟ್ ಇಂಪೀಡೆನ್ಸ್ 2.9 ಓಮ್, ಉಬ್ಬು ಅರ್ಧ ಡೆಸಿಬೆಲ್ ಒಳಗೆ. ಪ್ಲೇನಾರ್ (ಚಪ್ಪಟೆ ಪೊರೆಯ) ಹೆಡ್‌ಫೋನ್‌ಗಳ ಇಂಪೀಡೆನ್ಸ್ ಬಹುತೇಕ ಸಮತಟ್ಟಾಗಿರುವುದರಿಂದ ಅವುಗಳಿಗೆ ಈ ಚಿಂತೆ ಇಲ್ಲ.

ಈಗ ಆಂಪ್ ಸಾಯುವ ದಾರಿಗಳಿಗೆ ಬರೋಣ. ಮೂರು ಭಾಗದ ಸಾಮಾನ್ಯ ಹೆಡ್‌ಫೋನ್ ಪ್ಲಗ್‌ನಲ್ಲಿ ಎಡ, ಬಲ ಎರಡರ ಮೈನಸ್ ಒಂದೇ ತಂತಿ. ಬ್ರಿಡ್ಜ್ ಮಾದರಿಯ ಆಂಪ್‌ನಲ್ಲಿ ಕಪ್ಪು ಟರ್ಮಿನಲ್ ಗ್ರೌಂಡ್ (ಸೊನ್ನೆ ವೋಲ್ಟ್‌ನ ತಂತಿ) ಅಲ್ಲ, ಅದೂ ಜೀವಂತ ಔಟ್‌ಪುಟ್. ಎರಡು ಕಪ್ಪನ್ನು ಒಟ್ಟು ಸೇರಿಸಿದರೆ ಎರಡು ಔಟ್‌ಪುಟ್‌ಗಳು ಒಂದನ್ನೊಂದು ಶಾರ್ಟ್ ಮಾಡಿದಂತೆ. ಟಿಪಿಎ3116 ಚಿಪ್‌ನ ಪುಟ್ಟ ಕ್ಲಾಸ್-ಡಿ ಬೋರ್ಡ್‌ಗಳು ಹೆಚ್ಚಾಗಿ ಹೀಗೇ ಇರುತ್ತವೆ. ಪತ್ತೆಹಚ್ಚುವುದು ಒಂದು ನಿಮಿಷದ ಕೆಲಸ. ಆಂಪ್ ಆಫ್ ಮಾಡಿ, ಎಲ್ಲ ಕೇಬಲ್ ಬಿಚ್ಚಿ, ಮಲ್ಟಿಮೀಟರ್ ಅನ್ನು ಬೀಪ್ ಸ್ಥಾನಕ್ಕಿಟ್ಟು, ಎರಡು ಚಾನೆಲ್‌ಗಳ ಕಪ್ಪು ಟರ್ಮಿನಲ್‌ಗಳ ನಡುವೆ ಹಿಡಿಯಿರಿ. ಬಳಿಕ ಕಪ್ಪಿನಿಂದ ಇನ್‌ಪುಟ್ ಸಾಕೆಟ್‌ನ ಹೊರ ಉಂಗುರಕ್ಕೆ. ಎರಡೂ ಕಡೆ ಬೀಪ್ ಬಂದರೆ ಗ್ರೌಂಡ್ ಸಮಾನ. ಬಾರದಿದ್ದರೆ ಆ ಆಂಪ್‌ಗೆ ಮೂರು ಭಾಗದ ಪ್ಲಗ್ ಎಂದೂ ಹಾಕಬೇಡಿ. ಎರಡು ಕಿವಿಗೂ ಬೇರೆಬೇರೆ ಜೋಡಿ ತಂತಿ ಹೋಗುವ ಹೆಡ್‌ಫೋನ್ ಮಾತ್ರ, ಅದೂ ನಾಲ್ಕು ಪಿನ್ ಎಕ್ಸ್‌ಎಲ್‌ಆರ್ ಮೂಲಕ: ಒಂದನೇ ಪಿನ್ ಎಡ ಪ್ಲಸ್, ಎರಡು ಎಡ ಮೈನಸ್, ಮೂರು ಬಲ ಪ್ಲಸ್, ನಾಲ್ಕು ಬಲ ಮೈನಸ್.

ಗ್ರೌಂಡ್ ಸಮಾನವಾಗಿದ್ದರೂ ನೇರ ಜೋಡಣೆಗೆ ನಾಲ್ಕು ಪಿನ್ನೇ ಮೇಲು. 6.35 ಮಿಲಿಮೀಟರ್ ಪ್ಲಗ್ ಒಳಗೆ ಜಾರುವಾಗ ಅದರ ತುದಿ ಸಾಕೆಟ್‌ನ ಬೇರೆ ಸಂಪರ್ಕಗಳನ್ನು ಸವರಿಕೊಂಡೇ ಹೋಗುತ್ತದೆ, ಆ ಕ್ಷಣ ಔಟ್‌ಪುಟ್ ಶಾರ್ಟ್ ಆಗುತ್ತದೆ. ರೆಸಿಸ್ಟರ್ ಡಬ್ಬಿ ಇದ್ದರೆ 23.5 ಓಮ್ ಅಡ್ಡ ನಿಂತು ಆಂಪ್ ಉಳಿಸುತ್ತದೆ.

ವಾಲ್ವ್ ಆಂಪ್‌ಗೆ ಬೇರೆಯೇ ನಿಯಮ. ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ 8 ಓಮ್ ನಿರೀಕ್ಷಿಸುವಾಗ 300 ಓಮ್ ಹಾಕಿದರೆ ಲೋಡೇ ಇಲ್ಲದಂತೆ. ಪ್ರೈಮರಿಯಲ್ಲಿ (ವಾಲ್ವ್ ಕಡೆಯ ಸುರುಳಿ) ವೋಲ್ಟೇಜ್ ಚಿಮ್ಮಿ ಸುರುಳಿಯ ಇನ್ಸುಲೇಶನ್ ಕಿತ್ತುಹೋಗಬಹುದು. 8 ಓಮ್ ಟ್ಯಾಪ್‌ಗೆ 8 ಅಥವಾ 10 ಓಮ್‌ನ ರೆಸಿಸ್ಟರ್ ಕಾಯಂ ಕಟ್ಟಿಬಿಡಿ. 10 ವ್ಯಾಟ್ ಆಂಪ್‌ಗೆ 20 ವ್ಯಾಟ್‌ನದು. ಟ್ರಾನ್ಸಿಸ್ಟರ್ ಆಂಪ್‌ಗೆ ಲೋಡ್ ಇಲ್ಲದಿದ್ದರೂ ಸಾಮಾನ್ಯವಾಗಿ ತೊಂದರೆ ಇಲ್ಲ.

ಹೊಸದಾಗಿ ಕಟ್ಟುವುದಾದರೆ ಎಲ್‌ಎಂ1875 ಎಂಬ ಆಂಪ್ ಚಿಪ್ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. 12-0-12, 2 ಆಂಪಿಯರ್ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ ರೆಕ್ಟಿಫೈಯರ್, ಪ್ರತಿ ರೈಲ್‌ಗೆ (ಪ್ಲಸ್ ಒಂದು, ಮೈನಸ್ ಒಂದು ಸಪ್ಲೈ ತಂತಿ) 4700 ಮೈಕ್ರೋಫ್ಯಾರಡ್, 35 ವೋಲ್ಟ್‌ನ ಕೆಪಾಸಿಟರ್ ಹಾಕಿದರೆ ಸುಮಾರು ±16 ವೋಲ್ಟ್ ಸಿಗುತ್ತದೆ. ಚಿಪ್ ತನಗೆಂದು ಮೂರು ವೋಲ್ಟ್ ಇಟ್ಟುಕೊಂಡರೂ 9 ವೋಲ್ಟ್ ಆರ್‌ಎಂಎಸ್ (ಶಿಖರದ ಸುಮಾರು 0.7 ಪಾಲು) ಹೊರಬರುತ್ತದೆ. ಎಚ್‌ಇ-6ಗೆ ಅದು ಒಂದೂವರೆ ವ್ಯಾಟ್‌ಗೂ ಮಿಗಿಲು. ಔಟ್‌ಪುಟ್‌ನಿಂದ ಇನ್ವರ್ಟಿಂಗ್ ಪಿನ್‌ಗೆ ಮರಳುವ ಫೀಡ್‌ಬ್ಯಾಕ್‌ಗೆ 22 ಕಿಲೋಓಮ್, ಅದೇ ಪಿನ್‌ನಿಂದ ಗ್ರೌಂಡ್‌ಗೆ 2.2 ಕಿಲೋಓಮ್ ಮತ್ತು ಅದರ ಸರಣಿಯಲ್ಲಿ 22 ಮೈಕ್ರೋಫ್ಯಾರಡ್. ಗೇನ್ 11 ಪಟ್ಟು. ಇನ್‌ಪುಟ್‌ನಲ್ಲಿ 2.2 ಮೈಕ್ರೋಫ್ಯಾರಡ್, ಅದರಾಚೆ ಗ್ರೌಂಡ್‌ಗೆ ಇನ್ನೊಂದು 22 ಕಿಲೋಓಮ್. ಎರಡೂ 22 ಕಿಲೋಓಮ್ ಇರುವುದು ಸುಮ್ಮನೆ ಅಲ್ಲ, ಚಿಪ್‌ನ ಎರಡು ಇನ್‌ಪುಟ್‌ಗಳಲ್ಲಿ ಹರಿಯುವ ಪುಟ್ಟ ಬಯಾಸ್ ಕರೆಂಟ್ ಸಮಾನ ರೆಸಿಸ್ಟೆನ್ಸ್ ಕಂಡರೆ ಔಟ್‌ಪುಟ್‌ನ ಡಿಸಿ ಆಫ್‌ಸೆಟ್ (ಹಾಡಿಲ್ಲದಾಗಲೂ ನಿಲ್ಲುವ ನೇರ ವೋಲ್ಟೇಜ್) ತಗ್ಗುತ್ತದೆ.

ಗೇನ್ ಇನ್ನೂ ಇಳಿಸೋಣ ಎಂದು ಆಸೆಯಾಗುತ್ತದೆ. ಬೇಡ. ಈ ಚಿಪ್ 10 ಪಟ್ಟಿಗಿಂತ ಕೆಳಗೆ ಸ್ಥಿರವಾಗಿರುವುದಿಲ್ಲ, ಕಿವಿಗೆ ಕೇಳದ ಆವರ್ತನದಲ್ಲಿ ತಾನಾಗಿಯೇ ಕಂಪಿಸತೊಡಗುತ್ತದೆ (ಆಸಿಲೇಟ್). ಹಾಡೇ ಇಲ್ಲದಿದ್ದರೂ ಹೀಟ್‌ಸಿಂಕ್ ಮುಟ್ಟಲಾಗದಷ್ಟು ಬಿಸಿ, ಔಟ್‌ಪುಟ್‌ನಿಂದ ಗ್ರೌಂಡ್‌ಗೆ 0.22 ಮೈಕ್ರೋಫ್ಯಾರಡ್ ಜೊತೆ ಕಟ್ಟಿದ 1 ಓಮ್ ರೆಸಿಸ್ಟರ್‌ನ ಬಣ್ಣದ ಪಟ್ಟಿಗಳು ಕಂದಿ ಕಪ್ಪಾಗಿರುವುದು, ಇವು ಅದರ ಗುರುತು. ಗೇನ್ ಸರಿಯಿದ್ದೂ ಹೀಗಾದರೆ 100 ಮೈಕ್ರೋಫ್ಯಾರಡ್ ಮತ್ತು 0.1 ಮೈಕ್ರೋಫ್ಯಾರಡ್ ಬೈಪಾಸ್ ಕೆಪಾಸಿಟರ್‌ಗಳು ಚಿಪ್‌ನ ಕಾಲಿನಿಂದ ದೂರ ಕೂತಿವೆಯೇ ನೋಡಿ. ಮಾಮೂಲಿ ಬಿಸಿ ಮಾತ್ರ ಇದ್ದದ್ದೇ: ಸುಮ್ಮನಿರುವಾಗಲೂ ಚಿಪ್ 70 ಮಿಲಿಆಂಪಿಯರ್ ಎಳೆಯುತ್ತದೆ, ±16 ವೋಲ್ಟ್‌ನಲ್ಲಿ ಅದು ಚಾನೆಲ್‌ಗೆ ಎರಡೂಕಾಲು ವ್ಯಾಟ್. ಹೀಟ್‌ಸಿಂಕ್ ಇಲ್ಲದೆ ಒಮ್ಮೆಯೂ ಆನ್ ಮಾಡಬೇಡಿ. ಚಿಪ್‌ನ ಲೋಹದ ಬೆನ್ನು ಮೈನಸ್ ರೈಲ್‌ಗೆ ಸೇರಿದ್ದು, ಆದ್ದರಿಂದ ನಡುವೆ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಕಡ್ಡಾಯ.

ಸ್ಪೀಕರ್‌ನಲ್ಲಿ ಕೇಳದ ಗುಂಯ್ ಸದ್ದು ಹೆಡ್‌ಫೋನ್‌ನಲ್ಲಿ ಸ್ಪಷ್ಟ ಕೇಳುತ್ತದೆ. ಬಹುತೇಕ ಸಲ ಕಾರಣ ಗ್ರೌಂಡ್ ತಂತಿ ಓಡಾಡಿದ ದಾರಿ. ದೊಡ್ಡ ಕೆಪಾಸಿಟರ್‌ಗಳ ನಡುಬಿಂದುವಿನಿಂದ ಒಂದೇ ತಂತಿ ಎಳೆದು, ಅದರ ತುದಿಯಲ್ಲಿ ಇನ್‌ಪುಟ್ ಗ್ರೌಂಡ್, ಹೆಡ್‌ಫೋನ್ ಮೈನಸ್, ರೆಸಿಸ್ಟರ್ ಗ್ರೌಂಡ್ ಎಲ್ಲವನ್ನೂ ಸೇರಿಸಿ. ಕೆಪಾಸಿಟರ್‌ಗಳ ನಡುವೆಯೇ ಸೇರಿಸಿದರೆ ಚಾರ್ಜಿಂಗ್ ಕರೆಂಟ್‌ನ ಮಿಡಿತ ಸಂಕೇತದೊಳಕ್ಕೆ ನುಸುಳುತ್ತದೆ. ಟ್ರಾನ್ಸ್‌ಫಾರ್ಮರ್ ಇನ್‌ಪುಟ್ ಮೂಲೆಯಿಂದ ದೂರವಿರಲಿ. ಮೇನ್ಸ್ ಕಡೆ ಫ್ಯೂಸ್ ಇರಲೇಬೇಕು, ಲೋಹದ ಪೆಟ್ಟಿಗೆಗೆ ಅರ್ಥ್ ತಂತಿ ಬಿಗಿಯಾಗಿ ಕೂರಲೇಬೇಕು.

ಮೊದಲ ಸಲ ಆನ್ ಮಾಡುವಾಗ ಮೇನ್ಸ್‌ಗೆ ಸರಣಿಯಲ್ಲಿ 40 ವ್ಯಾಟ್‌ನ ಹಳೆ ಮಾದರಿಯ ಫಿಲಮೆಂಟ್ ಬಲ್ಬ್ ಕಟ್ಟಿ. ಒಮ್ಮೆ ಮಿನುಗಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ನಂತರ ಹೆಡ್‌ಫೋನ್ ಇಲ್ಲದೆ ಔಟ್‌ಪುಟ್‌ನ ಡಿಸಿ ಅಳೆಯಿರಿ. 20 ಮಿಲಿವೋಲ್ಟ್ ಒಳಗಿದ್ದರೆ ನೆಮ್ಮದಿ. 50 ದಾಟಿದರೆ ಕಾರಣ ಸಿಗುವವರೆಗೆ ಹೆಡ್‌ಫೋನ್ ಮುಟ್ಟಬೇಡಿ, ವೋಲ್ಟ್‌ಗಳಲ್ಲಿದ್ದರೆ ಫೀಡ್‌ಬ್ಯಾಕ್ ದಾರಿಯಲ್ಲಿ ಬೆಸುಗೆ ಬಿಟ್ಟಿರಬಹುದು. ಅಳತೆ ಸರಿ ಬಂದ ಮೇಲೂ ಮೊದಲು ಕೂರಬೇಕಾದದ್ದು ಹೋದರೂ ಬೇಸರವಿಲ್ಲದ ಹೆಡ್‌ಫೋನ್, ಅದೂ ತಲೆಯ ಮೇಲಲ್ಲ, ಮೇಜಿನ ಮೇಲೆ. ಆನ್ ಮತ್ತು ಆಫ್ ಮಾಡುವಾಗ ಅದರಿಂದ ಧಡ್ ಎಂಬ ಸದ್ದು ಬಂದರೆ ಔಟ್‌ಪುಟ್‌ಗೆ ಮೂರ್ನಾಲ್ಕು ಸೆಕೆಂಡ್ ತಡವಾಗಿ ಕೂಡಿಕೊಳ್ಳುವ ರಿಲೇ ಹಾಕಿ. ಅದನ್ನು ಹಾಕುವವರೆಗೆ ಆಂಪ್ ಆನ್ ಆದ ಮೇಲೆ ಹೆಡ್‌ಫೋನ್ ಸಿಕ್ಕಿಸಿ, ಆಫ್ ಮಾಡುವ ಮೊದಲು ಕಿತ್ತಿಡಿ, ಎರಡೂ ಸಲ ವಾಲ್ಯೂಮ್ ಸೊನ್ನೆಯಲ್ಲಿರಲಿ.