ಹಲ್ಲು ಕಿತ್ತ ಗುಳಿ ಮಾಯದಿದ್ದಾಗ

ಬಾಯಿ ಕ್ಯಾನ್ಸರಿಗೆ ರೇಡಿಯೇಷನ್ ಪಡೆದು ಗುಣವಾದವರು ಎಷ್ಟೋ ವರ್ಷದ ಮೇಲೆ ಒಂದು ಹುಳುಕು ಹಲ್ಲು ಕೀಳಿಸುತ್ತಾರೆ. ಗುಳಿ ಮುಚ್ಚುವುದೇ ಇಲ್ಲ. ನಾಲಿಗೆ ತುದಿಗೆ ಒರಟಾಗಿ ಏನೋ ತಾಗುತ್ತದೆ. ಕನ್ನಡಿ ಹಿಡಿದು ನೋಡಿದರೆ ಬರಿ ಮೂಳೆ. ಮೂರು ತಿಂಗಳಾದರೂ ಅದು ಹಾಗೇ ಇದ್ದು, ಕ್ಯಾನ್ಸರ್ ಮರುಕಳಿಸಿಲ್ಲವೆಂದು ಖಚಿತವಾದರೆ, ಅದು ಆಸ್ಟಿಯೋರೇಡಿಯೋನೆಕ್ರೋಸಿಸ್. ಅಂದರೆ ವಿಕಿರಣದಿಂದ ಸತ್ತ ಮೂಳೆ.

ಹೆಚ್ಚಾಗಿ ಇದು ಕೆಳದವಡೆಯ ಪಾಡು. ಮೇಲ್ದವಡೆಗೆ ಹಲವು ಕಡೆಯಿಂದ ರಕ್ತ ಬರುತ್ತದೆ, ಕೆಳದವಡೆಯ ಒಳಗೆ ಹರಿಯುವುದು ಮುಖ್ಯವಾಗಿ ಒಂದೇ ಅಪಧಮನಿ. ವಿಕಿರಣದ ಪ್ರಮಾಣ 60 ಗ್ರೇ (ವಿಕಿರಣ ಅಳೆಯುವ ಮಾನ) ದಾಟಿದ ಕಡೆ ಅಪಾಯ ಹೆಚ್ಚು; ಸಣ್ಣ ನಾಳಗಳು ಬರಬರುತ್ತ ಬತ್ತಿಹೋಗುತ್ತವೆ.

ಇದನ್ನು ಆಕ್ಸಿಜನ್ನಿನ ಬರವೆಂದು 1983ರಲ್ಲಿ ವಿವರಿಸಿದವರು ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್. ಮಾಮೂಲಿ ಗಾಯದ ನಡುವೆ ಆಕ್ಸಿಜನ್ ತೀರಾ ಕಡಿಮೆ, ಅಂಚಿನಲ್ಲಿ ಧಾರಾಳ. ಹೊಸ ರಕ್ತನಾಳ ಹೆಣೆಯಲು ದೇಹಕ್ಕೆ ಕರೆ ಹೋಗುವುದು ಈ ವ್ಯತ್ಯಾಸದಿಂದಲೇ. ವಿಕಿರಣ ಬಿದ್ದ ಜಾಗದಲ್ಲಿ ಸುತ್ತಲೂ ಬರವೇ ಆದ್ದರಿಂದ ಕರೆ ಹೊರಡುವುದಿಲ್ಲ. ನನ್ನ ಕರುಳು ಹಿಂಡುವ ಸಂಗತಿ ಇದು: ಗಾಯವಾಗಿರುವುದು ದೇಹಕ್ಕೇ ಗೊತ್ತಾಗುತ್ತಿಲ್ಲ.

ಆ ಕರೆ ಹೊರಡಿಸಲೆಂದೇ ಹೈಪರ್‌ಬೇರಿಕ್ ಚಿಕಿತ್ಸೆ. ಮುಚ್ಚಿದ ಕೋಣೆಯಲ್ಲಿ ಸುಮಾರು 2.4 ವಾಯುಭಾರದ ಒತ್ತಡ, 90 ನಿಮಿಷ ಶುದ್ಧ ಆಕ್ಸಿಜನ್. ಕಡಲಲ್ಲಿ 14 ಮೀಟರ್ ಆಳಕ್ಕೆ ಇಳಿದಷ್ಟು ಒತ್ತಡವಾದ್ದರಿಂದ ಪ್ರತಿ ಸರದಿಯನ್ನೂ ಡೈವ್ ಎನ್ನುತ್ತಾರೆ. ಕಿವಿ ಗಪ್ಪೆಂದು ಕಟ್ಟಿಕೊಳ್ಳುತ್ತದೆ, ಮೂಗು ಹಿಡಿದು ಊದಿ ಬಿಡಿಸಿಕೊಳ್ಳಬೇಕು. ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ ಹೇಗೂ ಮೊದಲೇ ತುಂಬಿರುತ್ತದೆ. ಮಿಕ್ಕ ಆಕ್ಸಿಜನ್, ಸೋಡಾದಲ್ಲಿ ಗ್ಯಾಸ್ ಕರಗುವ ಹಾಗೆ, ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ಕರಗಿ ಹೋಗುತ್ತದೆ. ಹಲ್ಲು ಕೀಳುವ ಮುಂಚೆ 20 ಡೈವ್, ಆಮೇಲೆ 10.

1985ರಲ್ಲಿ ಮಾರ್ಕ್ಸ್ ತಂಡ 74 ಜನರ ಮೇಲೆ ಇದನ್ನು ಪರೀಕ್ಷಿಸಿತು. ಪೆನಿಸಿಲಿನ್ ಮಾತ್ರ ಪಡೆದವರಲ್ಲಿ ಸುಮಾರು ಶೇ. 30 ಮಂದಿಗೆ ಮೂಳೆ ಸತ್ತಿತು. ಆಕ್ಸಿಜನ್ ಪಡೆದವರಲ್ಲಿ ಶೇ. 5.4. ದಶಕಗಳ ಕಾಲ ವೈದ್ಯರು ಇದನ್ನೇ ನೆಚ್ಚಿದರು. 2019ರಲ್ಲಿ ಬ್ರಿಟನ್ನಿನ ಹೋಪಾನ್ ಪ್ರಯೋಗದ ಫಲಿತಾಂಶ ಬಂತು: ಆರು ತಿಂಗಳ ಬಳಿಕ ಮೂಳೆ ಸತ್ತವರು, ಈ ಆಕ್ಸಿಜನ್ ಪಡೆದ ಮತ್ತು ಪಡೆಯದ ಎರಡೂ ಗುಂಪಿನಲ್ಲಿ ಶೇ. 6ರ ಆಸುಪಾಸು. ರೋಗ ಆಗಲೇ ಬಂದಿದ್ದವರ ಮೇಲೆ ಇದೇ ಚಿಕಿತ್ಸೆಯ ಬಗ್ಗೆ ಫ್ರಾನ್ಸಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗವನ್ನಂತೂ ಪ್ರಯೋಜನ ಕಾಣದೆ ನಡುವೆಯೇ ನಿಲ್ಲಿಸಿದ್ದರು.

ಹೀಗಾಗಿ, ರೇಡಿಯೇಷನ್ ಶುರುವಾಗುವ ಎರಡು ಮೂರು ವಾರ ಮುಂಚೆಯೇ ಉಳಿಯದ ಹಲ್ಲುಗಳನ್ನು ಕೀಳಿಸಿಬಿಡುವುದಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ದವಡೆ ಮುರಿಯುವ ಹಂತ ತಲುಪಿದವರಿಗೆ ಕಾಲಿನ ಫಿಬುಲಾ ಮೂಳೆಯನ್ನು ಅದರ ರಕ್ತನಾಳಗಳ ಸಮೇತ ತಂದು ಕೂರಿಸುತ್ತಾರೆ. ಸೂಕ್ಷ್ಮದರ್ಶಕದಡಿ ಆ ನಾಳಗಳನ್ನು ಕತ್ತಿನ ನಾಳಗಳಿಗೆ ಹೊಲಿದಾಗ, ಬತ್ತಿದ ಜಾಗಕ್ಕೆ ಮತ್ತೆ ರಕ್ತ ಬರುತ್ತದೆ.