ಬ್ಯಾರಿಕೇಡ್ ಇಡುವ ಮೊದಲು ಅವಳಿ ರಸ್ತೆಯಲ್ಲೊಮ್ಮೆ

ಬೆಂಗಳೂರಿನಲ್ಲಿ ಒಂದು ರಸ್ತೆಯನ್ನು ಏಕಮುಖ ಮಾಡಲಿ, ಒಂದು ಯೂ-ಟರ್ನ್ ಮುಚ್ಚಲಿ, ಬಹುಪಾಲು ಅದು ಶುರುವಾಗುವುದು ಪ್ರಾಯೋಗಿಕ ವ್ಯವಸ್ಥೆಯಾಗಿ. ಬ್ಯಾರಿಕೇಡ್ ಇಟ್ಟು ಕೆಲವು ದಿನ ನೋಡುತ್ತಾರೆ. ಅನುಕೂಲವಾದರೆ ಉಳಿಯುತ್ತದೆ, ಇಲ್ಲವಾದರೆ ಹೋಗುತ್ತದೆ. ಆದರೆ ಆ ಪ್ರಯೋಗ ನಡೆಯುವುದು ನಿಜವಾದ ರಸ್ತೆಯಲ್ಲಿ. ಲೆಕ್ಕ ತಪ್ಪಿದರೆ ಆಂಬುಲೆನ್ಸ್ ಸಿಕ್ಕಿಹಾಕಿಕೊಳ್ಳುತ್ತದೆ, ಶಾಲೆಯ ಬಸ್ ತಡವಾಗುತ್ತದೆ, ಪಕ್ಕದ ಬಡಾವಣೆಯ ಅಡ್ಡರಸ್ತೆಗಳಿಗೆಲ್ಲ ವಾಹನ ನುಗ್ಗುತ್ತವೆ. ರಸ್ತೆಯ ಜೀವಂತ ನಕಲೊಂದನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡರೆ ಬ್ಯಾರಿಕೇಡನ್ನು ಮೊದಲು ಅಲ್ಲಿಟ್ಟು ನೋಡಬಹುದು. ಡಿಜಿಟಲ್ ಟ್ವಿನ್, ಅಂದರೆ ಡಿಜಿಟಲ್ ಅವಳಿ, ಮಾಡುವ ಕೆಲಸ ಇದು.

ಇದರ ಬೇರು ಬಾಹ್ಯಾಕಾಶದಲ್ಲಿದೆ. 1970ರ ಏಪ್ರಿಲ್‌ನಲ್ಲಿ ಚಂದ್ರನತ್ತ ಹೊರಟಿದ್ದ ಅಪೊಲೊ 13 ನೌಕೆಯ ಆಮ್ಲಜನಕದ ಟ್ಯಾಂಕ್ ಸ್ಫೋಟಿಸಿತು. ನಾಸಾದವರು ಭೂಮಿಯ ಮೇಲಿದ್ದ ಸಿಮ್ಯುಲೇಟರ್‌ಗಳನ್ನು ನೌಕೆಯ ಆಗಿನ ಸ್ಥಿತಿಗೆ ಹೊಂದಿಸಿಕೊಂಡು, ಪಾರಾಗುವ ಉಪಾಯಗಳನ್ನು ಅವುಗಳಲ್ಲಿ ಮಾಡಿ ನೋಡಿ ಗಗನಯಾತ್ರಿಗಳಿಗೆ ತಿಳಿಸಿದರು. ಮೂವರೂ ಜೀವಂತ ಮರಳಿದರು. ಸಾಮಾನ್ಯ ಸಿಮ್ಯುಲೇಶನ್‌ಗೂ ಅವಳಿಗೂ ಇರುವ ವ್ಯತ್ಯಾಸ ಇಲ್ಲೇ ಕಾಣುತ್ತದೆ. ಸಿಮ್ಯುಲೇಶನ್‌ಗೆ ಎಂದೋ ಸಂಗ್ರಹಿಸಿದ ಅಂಕಿಗಳು ಸಾಕು. ಅವಳಿಗೆ ಅಸಲಿಯಿಂದ ಸದಾ ಮಾಹಿತಿ ಹರಿದುಬರುತ್ತಿರಬೇಕು.

ವಾಹನ ದಟ್ಟಣೆಗೆ ಇಷ್ಟೆಲ್ಲ ಬೇಕೇ? ರಸ್ತೆಯ ಅಗಲ, ವಾಹನಗಳ ಸಂಖ್ಯೆ ಗೊತ್ತಿದ್ದರೆ ಭಾಗಾಕಾರ ಮಾಡಿ ಹೇಳಲಾಗದೇ? ಆಗದು. ಯಾಕೆಂದು ಜಪಾನಿನ ಯೂಕಿ ಸುಗಿಯಾಮಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಚೆನ್ನಾಗಿ ತೋರಿಸುತ್ತದೆ. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳು. ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿರಬೇಕು ಎಂದಷ್ಟೇ ಚಾಲಕರಿಗೆ ಸೂಚನೆ. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡಬರುವ ದನವೂ ಇಲ್ಲ. ಸ್ವಲ್ಪ ಹೊತ್ತಿನಲ್ಲೇ ಒಬ್ಬರು ತುಸು ನಿಧಾನಿಸಿದರು, ಹಿಂದಿನವರು ಅದಕ್ಕಿಂತ ಹೆಚ್ಚು ಬ್ರೇಕ್ ಒತ್ತಿದರು, ಅವರ ಹಿಂದಿನವರು ಪೂರ್ತಿ ನಿಂತರು. ಕಾರುಗಳು ಮುಂದಕ್ಕೆ ಹೋಗುತ್ತಿದ್ದರೆ ಜಾಮ್ ಮಾತ್ರ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಸರಿಯುತ್ತಾ ಹೋಯಿತು. ದಟ್ಟಣೆ ಒಂದು ಹದ ಮೀರಿದ ಮೇಲೆ ಸಣ್ಣ ಕಾರಣವೂ ದೊಡ್ಡದಾಗಿ ಬೆಳೆಯುತ್ತದೆ. ಅದನ್ನು ಹಿಡಿಯಬೇಕಾದರೆ ಪ್ರತಿ ವಾಹನವನ್ನೂ ಬೇರೆಬೇರೆಯಾಗಿ ಓಡಿಸಿ ನೋಡಬೇಕು.

ಸ್ವಿಟ್ಜರ್ಲೆಂಡಿನ ಜಿನೀವಾದ ಮೋಟಾರು ಹೆದ್ದಾರಿಗೆ ಸಂಶೋಧಕರು ಕಟ್ಟಿದ ಅವಳಿಯಲ್ಲಿ ಇದೇ ನಡೆಯುತ್ತದೆ. ಹೆದ್ದಾರಿಯ ಎಣಿಕೆ ಯಂತ್ರಗಳಿಂದ ನಿಮಿಷ ನಿಮಿಷಕ್ಕೂ ಎಷ್ಟು ವಾಹನ ದಾಟಿದವು, ಸರಾಸರಿ ವೇಗ ಎಷ್ಟು ಎಂಬ ಮಾಹಿತಿ ಬರುತ್ತದೆ. ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್ ರೂಪಿಸಿ ಉಚಿತವಾಗಿ ಹಂಚುವ ‘ಸುಮೊ’ ತಂತ್ರಾಂಶದಲ್ಲಿ ಅದೇ ಹೆದ್ದಾರಿ ಇದೆ. ಅಸಲಿ ರಸ್ತೆಯ ಒಂದು ಜಾಗದಲ್ಲಿ 30 ಕಾರು ದಾಟಿ ಅವಳಿಯಲ್ಲಿ 26 ಮಾತ್ರ ದಾಟಿದ್ದರೆ, ತಂತ್ರಾಂಶ ಅಲ್ಲೇ ನಾಲ್ಕು ಕಾರು ಸೇರಿಸುತ್ತದೆ. ಹೆಚ್ಚಾಗಿದ್ದರೆ ತೆಗೆಯುತ್ತದೆ, ವೇಗವನ್ನೂ ತಿದ್ದುತ್ತದೆ. ಒಂದು ಎಣಿಕೆ ಯಂತ್ರದಿಂದ ಇನ್ನೊಂದರವರೆಗಿನ ದೂರದಲ್ಲಿ ಏನಾಗುತ್ತಿದೆ ಎಂಬುದನ್ನು ಚಾಲನೆಯ ಗಣಿತ ತುಂಬಿಕೊಡುತ್ತದೆ. ಮುಂದಿನ ವಾಹನ ತಟ್ಟನೆ ನಿಂತರೂ ಡಿಕ್ಕಿಯಾಗದಷ್ಟು ಅಂತರ ಕಾಯ್ದುಕೊಳ್ಳುವ ವೇಗವೇ ಅದರ ಮೂಲ ನಿಯಮ. ನಕಲು ಅಸಲಿಯ ಜೊತೆ ಹೆಜ್ಜೆ ಹಾಕುತ್ತಿದೆ ಎಂದು ಖಾತ್ರಿಯಾದರೆ ಅದನ್ನು ಅಸಲಿಗಿಂತ ಮುಂದೆ ಓಡಿಸಿ, ವೇಗಮಿತಿ ಇಳಿಸಿದರೆ ಅರ್ಧ ಗಂಟೆಯಲ್ಲಿ ಸಾಲು ಎಲ್ಲಿಗೆ ಮುಟ್ಟೀತು ಎಂಬಂಥ ಪ್ರಶ್ನೆಗಳನ್ನು ಕೇಳಬಹುದು.

ಅಲ್ಲಿ ವಾಹನಗಳು ಲೇನ್ ಬಿಟ್ಟು ಹೋಗುವುದಿಲ್ಲ. ನಮ್ಮಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕೆಂಪು ದೀಪ ಹತ್ತಿದಾಗ ನೋಡಿ. ಬಸ್ಸು, ಕಾರುಗಳು ನಿಲ್ಲುತ್ತಿದ್ದಂತೆಯೇ ಜಲ್ಲಿಕಲ್ಲಿನ ಸಂದುಗಳಿಗೆ ಮರಳು ಇಳಿದ ಹಾಗೆ ದ್ವಿಚಕ್ರ ವಾಹನಗಳು ಸಂದಿಗೊಂದಿಯಲ್ಲಿ ತೂರಿ ಮುಂದಕ್ಕೆ ಬರುತ್ತವೆ, ಸ್ಟಾಪ್ ಲೈನ್ ದಾಟಿ ಜೀಬ್ರಾ ಪಟ್ಟಿಯ ಮೇಲೇ ಸಾಲುಗಟ್ಟುತ್ತವೆ. ಹಸಿರು ಬಂದಾಗ ಮೊದಲು ಹೊರಡುವ ಗುಂಪು ಅದು. ಹಸಿರಿನ ಮೊದಲ ಕೆಲವು ಸೆಕೆಂಡಿನಲ್ಲಿ ಎಷ್ಟು ವಾಹನ ದಾಟುತ್ತವೆ ಎಂಬುದು ಆ ಗುಂಪನ್ನೇ ಅವಲಂಬಿಸಿದೆ. ಒಂದರ ಹಿಂದೆ ಒಂದು ಎಂದು ಕಲಿತ ಗಣಿತಕ್ಕೆ ಈ ಗುಂಪು ಕಾಣುವುದೇ ಇಲ್ಲ.

ನಮ್ಮ ಸಂಚಾರ ಎಂಜಿನಿಯರಿಂಗ್ ಪಠ್ಯಗಳಲ್ಲಿ ಒಂದು ಸೂತ್ರ ಬಹುಕಾಲ ನಡೆದುಬಂದಿದೆ: ರಸ್ತೆಯ ಅಗಲವನ್ನು ಮೀಟರಿನಲ್ಲಿ ಅಳೆದು 525ರಿಂದ ಗುಣಿಸಿದರೆ, ಹಸಿರು ದೀಪ ಇಡೀ ಗಂಟೆ ಉರಿದರೆ ಎಷ್ಟು ಕಾರುಗಳಷ್ಟು ವಾಹನ ದಾಟಬಹುದು ಎಂಬ ಲೆಕ್ಕ. ಅದು 1958ರಲ್ಲಿ ಬ್ರಿಟನ್ನಿನ ಎಫ್. ವಿ. ವೆಬ್‌ಸ್ಟರ್ ಅಲ್ಲಿನ ರಸ್ತೆಗಳನ್ನು ನೋಡಿ ಕೊಟ್ಟದ್ದು. ಭಾರತದ ರಸ್ತೆಗಳನ್ನೇ ಅಳೆದು ಸಿದ್ಧವಾದ ಕೈಪಿಡಿ ‘ಇಂಡೋ-ಎಚ್‌ಸಿಎಂ’ ಬಂದದ್ದು 2017ರಲ್ಲಿ. ಅವಳಿಯ ಪರದೆಯ ಮೇಲೆ ಎಷ್ಟೇ ಚೆಂದದ ಮೂರು ಆಯಾಮದ ಕಟ್ಟಡಗಳಿರಲಿ, ಒಳಗಿನ ಗಣಿತ ಬೇರೆ ಊರಿನದಾದರೆ ಅದು ಹೇಳುವ ಭವಿಷ್ಯವೂ ಬೇರೆ ಊರಿನದೇ. ಹಣ, ಶ್ರಮ ಹೋಗಬೇಕಾದ್ದು ಈ ಅಳತೆಗೆ ಎಂಬುದು ನನ್ನ ದೃಢ ಅಭಿಪ್ರಾಯ.

ಬೆಂಗಳೂರಿನಲ್ಲಿ ಇದಕ್ಕೆ ಬೇಕಾದ ಕಣ್ಣು, ಕಿವಿ ಒಂದೊಂದಾಗಿ ಕೂಡಿಬರುತ್ತಿವೆ. ಸಂಚಾರ ಪೊಲೀಸರ ‘ಅಸ್ತ್ರಂ’ ವ್ಯವಸ್ಥೆ 2024ರಿಂದ ದಟ್ಟಣೆಯ ಸೂಚನೆಗಳನ್ನು ಒಂದೇ ಕಡೆ ತರುತ್ತಿದೆ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ರೂಪಿಸಿದ ‘ಕೋಸಿಕಾಸ್ಟ್’ ತಂತ್ರಾಂಶದ ಸಿಗ್ನಲ್‌ಗಳು ಕ್ಯಾಮೆರಾದಲ್ಲಿ ವಾಹನಗಳ ಸಾಲು ನೋಡಿ ಹಸಿರಿನ ಅವಧಿ ಹೊಂದಿಸಿಕೊಳ್ಳುತ್ತವೆ. ಎದುರಿಗೆ ಇರುವ ಸಾಲಿಗೆ ಆ ಸಿಗ್ನಲ್ ಸ್ಪಂದಿಸುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದೇ. ಮೇಲ್ಸೇತುವೆ ಇಳಿಯುವಲ್ಲಿ ಹೊಸ ಗಂಟು ಬೀಳುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ಇಡೀ ಪ್ರದೇಶದ ಅವಳಿ ಬೇಕು. ಹೊಸ ರಸ್ತೆಯೊಂದನ್ನು ಸೇರಿಸಿದರೆ ಕೆಲವು ಜಾಲಗಳಲ್ಲಿ ಎಲ್ಲರ ಪ್ರಯಾಣವೂ ನಿಧಾನವಾಗಬಹುದೆಂದು ಜರ್ಮನ್ ಗಣಿತಜ್ಞ ಡೀಟ್ರಿಶ್ ಬ್ರೆಸ್ 1968ರಲ್ಲೇ ತೋರಿಸಿದ್ದಾರೆ. ಕಾಂಕ್ರೀಟ್ ಸುರಿದ ಮೇಲೆ ಅದು ತಿಳಿದರೆ ಏನು ಪ್ರಯೋಜನ?

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಅವಳಿಗೆ ಒಂದು ಗುರಿ ಕೊಡಬೇಕು: ಏನನ್ನು ಕಡಿಮೆ ಮಾಡಬೇಕು? ‘ವಾಹನಗಳು ಕಾಯುವ ಸಮಯ’ ಎಂದು ಬರೆದರೆ, ಒಬ್ಬರೇ ಕುಳಿತ ಕಾರೂ 60 ಜನರಿರುವ ಬಿಎಂಟಿಸಿ ಬಸ್ಸೂ ಒಂದೊಂದು ವಾಹನ. ‘ಜನರು ಕಾಯುವ ಸಮಯ’ ಎಂದು ಬರೆದರೆ ಅದೇ ಜಂಕ್ಷನ್ನಿಗೆ ಬೇರೆಯೇ ಉತ್ತರ ಬರುತ್ತದೆ. ಪಾದಚಾರಿಗಳ ಪಾಡು ಇನ್ನೂ ಕಷ್ಟ. ಸಿಗ್ನಲ್ ವಿನ್ಯಾಸದಲ್ಲಿ ನಡಿಗೆಯ ವೇಗವನ್ನು ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. 24 ಮೀಟರ್ ಅಗಲದ ರಸ್ತೆ ದಾಟಲು 20 ಸೆಕೆಂಡ್, ಮಂಡಿನೋವಿನ ಅಜ್ಜಿಗೆ ಅದೂ ಸಾಲದು. ಅವಳಿಯೊಳಗೆ ನಡೆಯುವವರೇ ಇಲ್ಲದಿದ್ದರೆ ಆ 20 ಸೆಕೆಂಡ್ ಬರೀ ನಷ್ಟವಾಗಿ ಕಾಣುತ್ತದೆ, ಮತ್ತು ಕತ್ತರಿ ಮೊದಲು ಅಲ್ಲೇ ಬೀಳುತ್ತದೆ.

ಎಣಿಸುವುದು ಕಷ್ಟವೇನಲ್ಲ. ವಾಹನ ಗುರುತಿಸುವ ಕ್ಯಾಮೆರಾಗೆ ಮನುಷ್ಯರನ್ನು ಗುರುತಿಸುವುದನ್ನೂ ಕಲಿಸಬಹುದು. ಬಸ್ಸುಗಳಲ್ಲಿ ಜಿಪಿಎಸ್ ಇದೆ, ಕಂಡಕ್ಟರ್ ಕೈಯಲ್ಲಿ ಟಿಕೆಟ್ ಯಂತ್ರ ಇದೆ. ಎರಡನ್ನೂ ಜೋಡಿಸಿದರೆ ಯಾವ ಬಸ್ಸಿನಲ್ಲಿ ಸುಮಾರು ಎಷ್ಟು ಜನ ಯಾವ ಸಿಗ್ನಲ್‌ನಲ್ಲಿ ಕಾಯುತ್ತಿದ್ದಾರೆಂದು ಅವಳಿಗೆ ಗೊತ್ತಾಗುತ್ತದೆ. ಗುರಿಯ ಸಾಲಿನಲ್ಲಿ ಏನು ಬರೆದಿದ್ದಾರೆ ಎಂಬುದನ್ನು ಮಾತ್ರ ಪಾಲಿಕೆ ಮತ್ತು ಪೊಲೀಸರು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು.