ಜಾಗತಿಕ ಫಂಡ್‌ಗೆ ದುಡ್ಡು ಹಾಕುವ ಮುನ್ನ ಅದರೊಳಗೆ ಏನಿದೆ ನೋಡಿ

ಬೆಳಗಾವಿಯ ನನ್ನ ಕಚೇರಿಗೆ ಹೂಡಿಕೆ ಸಲಹೆ ಕೇಳಿ ಬರುವವರ ಬಾಯಲ್ಲಿ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಸರ್, ಆ ಫಾರಿನ್ ಫಂಡ್ ಒಂದ್ ವರ್ಷದಾಗ ಭಾಳ ಏರೇತಂತ್ರಿ, ಹಾಕೂಣೇನ್ರಿ?" ಅದರಲ್ಲಿ ಯಾವ ಕಂಪನಿಗಳಿವೆ ಗೊತ್ತಾ ಎಂದು ನಾನು ಕೇಳುತ್ತೇನೆ. ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಎಷ್ಟು ಏರಿತು ಅನ್ನೋದು ಗೊತ್ತು, ಏರಿದ್ದು ಏನು ಅನ್ನೋದು ಗೊತ್ತಿಲ್ಲ. ನನಗೆ ಚಿಂತೆ ಹತ್ತುವುದು ಇಲ್ಲೇ. ಯಾಕೆಂದರೆ ಇಂಥ ಫಂಡ್ ಬಿದ್ದಾಗ ಅದನ್ನು ಹಿಡಿದುಕೊಂಡು ಕೂರಲು ಬೇಕಾದ ಧೈರ್ಯ, ಒಳಗೇನಿದೆ ಎಂದು ತಿಳಿದವರಿಗೆ ಮಾತ್ರ ಬರುತ್ತದೆ.

ಜಾಗತಿಕ ಫಂಡ್ ಅಂದರೆ ಹೊರದೇಶದ ಕಂಪನಿಗಳ ಶೇರಿಗೆ ದುಡ್ಡು ಹಾಕುವ ಫಂಡ್; ಇಲ್ಲಿ ನಾನು ಹೇಳುವುದು ಬೆಳವಣಿಗೆ ಕಂಪನಿಗಳನ್ನು ಆರಿಸುವ ಫಂಡ್‌ಗಳ ಬಗ್ಗೆ. ಬೆಳವಣಿಗೆ ಕಂಪನಿ ಅಂದರೆ ಗಳಿಸಿದ ಲಾಭವನ್ನು ಹಂಚುವ ಬದಲು ಮತ್ತೆ ವ್ಯವಹಾರಕ್ಕೇ ಸುರಿದು, ಮಾರಾಟವನ್ನು ವೇಗವಾಗಿ ಬೆಳೆಸುವ ಕಂಪನಿ. ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ನೋಡಿ. ಅತ್ಯಾಧುನಿಕ ಚಿಪ್ ಮಾಡಲು ಬೇಕಾದ ಇಯುವಿ ಯಂತ್ರವನ್ನು (ಬೆಳಕಿನಿಂದ ಚಿಪ್ ಮೇಲೆ ಅತಿ ಸೂಕ್ಷ್ಮ ವಿನ್ಯಾಸ ಮೂಡಿಸುವ ಯಂತ್ರ) ಜಗತ್ತಿನಲ್ಲಿ ಅದೊಂದೇ ಕಂಪನಿ ತಯಾರಿಸುತ್ತದೆ. ಆ ಯಂತ್ರ ಬಳಸಿ ತೈವಾನ್‌ನ ಟಿಎಸ್‌ಎಂಸಿ ಕಂಪನಿಯು ಆಪಲ್ ಮತ್ತು ಎನ್‌ವಿಡಿಯಾಗೆ ಚಿಪ್ ಮಾಡಿಕೊಡುತ್ತದೆ. ಇಂಥ ಕಂಪನಿಗಳು ನಮ್ಮ ಶೇರುಪೇಟೆಯಲ್ಲಿ ಇಲ್ಲ. ಜಾಗತಿಕ ಫಂಡ್ ಬೇಕು ಅನ್ನುವುದಕ್ಕೆ ನನಗೆ ಒಪ್ಪಿಗೆಯಾಗುವ ಮೊದಲ ಕಾರಣ ಇದು.

ಆಕ್ಟಿವ್ ಫಂಡ್‌ನಲ್ಲಿ ಈ ಕಂಪನಿಗಳನ್ನು ಒಬ್ಬ ಮ್ಯಾನೇಜರ್ ಅಥವಾ ತಂಡ ಆರಿಸುತ್ತದೆ. ಆರಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಹೆಂಡ್ರಿಕ್ ಬೆಸೆಂಬೈಂಡರ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಓದಬೇಕು. 1926ರಿಂದ 2016ರವರೆಗಿನ ಸುಮಾರು 26,000 ಅಮೆರಿಕನ್ ಶೇರುಗಳನ್ನು ಅವರು ಲೆಕ್ಕ ಹಾಕಿದರು. ಸರ್ಕಾರ ಅಲ್ಪಾವಧಿಗೆ ಸಾಲ ಪಡೆಯುವ ಟ್ರೆಷರಿ ಬಿಲ್‌ಗಿಂತ ಮೇಲೆ ಹುಟ್ಟಿದ ಅಷ್ಟೂ ಸಂಪತ್ತು ಬರೀ 4% ಕಂಪನಿಗಳಿಂದ ಬಂದಿತ್ತು. ಉಳಿದವೆಲ್ಲ ಸೇರಿ ಟ್ರೆಷರಿ ಬಿಲ್‌ನಷ್ಟೇ ಕೊಟ್ಟವು. ಹಾಗಾಗಿ ಒಳ್ಳೆಯ ಮ್ಯಾನೇಜರ್‌ಗೆ ಎರಡು ಗುಣ ಬೇಕು. ಆ ಕೆಲವೇ ಕಂಪನಿಗಳಲ್ಲಿ ಒಂದೆರಡನ್ನಾದರೂ ಹಿಡಿಯಬೇಕು. ಹಿಡಿದ ಮೇಲೆ ಬೇಗ ಬಿಡಬಾರದು. ಎರಡನೆಯದೇ ಕಷ್ಟ. ಅಮೆಜಾನ್ ಶೇರು 1999ರ ಕೊನೆಯ ಎತ್ತರದಿಂದ 2001ರೊಳಗೆ 90%ಕ್ಕಿಂತ ಜಾಸ್ತಿ ಬಿದ್ದಿತ್ತು. ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾದ ಶೇರು 2022ರಲ್ಲಿ ಸುಮಾರು 64% ಬಿದ್ದು, 2023ರಲ್ಲಿ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಬಿದ್ದಾಗ ಮಾರಿದವರಿಗೆ ಆ ಮೂರು ಪಟ್ಟು ಸಿಗಲಿಲ್ಲ.

ಬಿದ್ದದ್ದೆಲ್ಲ ಏಳುತ್ತದೆ ಅಂತ ಇದರಿಂದ ಅಂದುಕೊಳ್ಳಬೇಡಿ. ತಂತ್ರಜ್ಞಾನ ಕಂಪನಿಗಳೇ ಹೆಚ್ಚಿರುವ ಅಮೆರಿಕದ ನ್ಯಾಸ್‌ಡ್ಯಾಕ್ ಸೂಚ್ಯಂಕ 2000ದ ಮಾರ್ಚ್‌ನಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ಮುಟ್ಟಿದ್ದು 2015ರಲ್ಲಿ, 15 ವರ್ಷದ ಮೇಲೆ. ಆರ್ಕ್ ಇನ್ನೋವೇಶನ್ ಎಂಬ ಅಮೆರಿಕನ್ ಆಕ್ಟಿವ್ ಫಂಡ್ 2020ರಲ್ಲಿ ಸುಮಾರು 150% ಏರಿತು. ಆ ಏರಿಕೆ ಕಣ್ಣಿಗೆ ಬಿದ್ದ ಮೇಲೆ ಜನ ಮುಗಿಬಿದ್ದು ದುಡ್ಡು ತಂದರು. 2021ರ ಫೆಬ್ರುವರಿಯಲ್ಲಿ ಅದು ಎತ್ತರ ಮುಟ್ಟಿತು, 2022 ಒಂದೇ ವರ್ಷದಲ್ಲಿ ಸುಮಾರು 67% ಇಳಿಯಿತು. 100 ರೂಪಾಯಿ 33 ಆಯಿತು ಅಂದರೆ ಮತ್ತೆ ನೂರಕ್ಕೆ ಬರಲು ಮೂರು ಪಟ್ಟು ಆಗಬೇಕು, ಅಲ್ವಾ? ಒಂದು ವರ್ಷದ ಏರಿಕೆ ನೋಡಿ ಬರುವವರ ಮುಂದೆ ನಾನು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಇಡುತ್ತೇನೆ.

ಆಮೇಲೆ ಫ್ಯಾಕ್ಟ್‌ಶೀಟ್, ಅಂದರೆ ಫಂಡ್‌ನೊಳಗೆ ಏನಿದೆ ಎಂದು ತಿಳಿಸುವ ಮಾಹಿತಿ ಪತ್ರ, ತೆರೆಯುತ್ತೇವೆ. ಪ್ರತಿ ತಿಂಗಳೂ ಬರುತ್ತದೆ, ಪುಕ್ಕಟೆ ಸಿಗುತ್ತದೆ, ಓದುವವರು ಕಡಿಮೆ. ನಮ್ಮ ಬಹಳಷ್ಟು ಜಾಗತಿಕ ಫಂಡ್‌ಗಳು ಫಂಡ್ ಆಫ್ ಫಂಡ್ಸ್. ಅಂದರೆ ಇಲ್ಲಿ ರೂಪಾಯಿ ತೆಗೆದುಕೊಂಡು ಹೊರದೇಶದ ಇನ್ನೊಂದು ಫಂಡ್‌ನ ಯೂನಿಟ್ ಕೊಳ್ಳುತ್ತವೆ. ಕಂಪನಿ ಆರಿಸುವವರು ಅಲ್ಲಿದ್ದಾರೆ. ಹಾಗಾಗಿ ಅಲ್ಲಿನ ಮೂಲ ಫಂಡ್‌ನ ಮೊದಲ ಹತ್ತು ಕಂಪನಿಗಳನ್ನು ನೋಡಬೇಕು, ಅವೇ ಕಂಪನಿಗಳು ಮೂರು ವರ್ಷದ ಹಿಂದಿನ ಪಟ್ಟಿಯಲ್ಲಿ ಇದ್ದವೋ ಇಲ್ಲವೋ ಹೋಲಿಸಬೇಕು. ಪಟ್ಟಿ ಪ್ರತಿ ವರ್ಷ ತಲೆಕೆಳಗಾಗುತ್ತಿದ್ದರೆ ಆ ಮ್ಯಾನೇಜರ್ ಬೆಳವಣಿಗೆಯನ್ನು ಕಾಯುತ್ತಿಲ್ಲ, ಸುಮ್ನೆ ಬೆಲೆಯ ಹಿಂದೆ ಓಡುತ್ತಿದ್ದಾರೆ. ಇನ್ನೊಂದು ತುದಿಯೂ ಇದೆ. ಪಟ್ಟಿಯಲ್ಲಿ ಇಂಡೆಕ್ಸ್‌ನಲ್ಲಿರುವ, ಅಂದರೆ ಪೇಟೆಯ ಸೂಚ್ಯಂಕದಲ್ಲಿರುವ, ಅವೇ ಆಪಲ್, ಮೈಕ್ರೋಸಾಫ್ಟ್, ಎನ್‌ವಿಡಿಯಾ ಹೆಚ್ಚುಕಡಿಮೆ ಅದೇ ಪಾಲಿನಲ್ಲಿ ಇದ್ದರೆ, ಸೂಚ್ಯಂಕವನ್ನೇ ನಕಲು ಮಾಡುವ ಇಂಡೆಕ್ಸ್ ಫಂಡ್ ಕೊಡುವುದನ್ನೇ ನೀವು ಜಾಸ್ತಿ ದುಡ್ಡು ಕೊಟ್ಟು ಕೊಳ್ಳುತ್ತಿದ್ದೀರಿ.

ಫಂಡ್ ನಡೆಸುವ ಖರ್ಚೆಂದು ವರ್ಷ ವರ್ಷ ಕಡಿಯುವ ಆ ಜಾಸ್ತಿ ದುಡ್ಡು ಸಣ್ಣದಲ್ಲ. 1 ಲಕ್ಷ ರೂಪಾಯಿ 20 ವರ್ಷ 12%ರಂತೆ ಬೆಳೆದರೆ ಸುಮಾರು 9.6 ಲಕ್ಷ, 11%ರಂತೆ ಬೆಳೆದರೆ ಸುಮಾರು 8.1 ಲಕ್ಷ. ಖರ್ಚಿನ 1% ವ್ಯತ್ಯಾಸ ಒಂದೂವರೆ ಲಕ್ಷ ತಿಂದಿತು. ಫಂಡ್ ಆಫ್ ಫಂಡ್ಸ್‌ನಲ್ಲಿ ಇಲ್ಲಿಯ ಖರ್ಚು, ಅಲ್ಲಿಯ ಖರ್ಚು ಎರಡೂ ಸೇರುತ್ತವೆ. ದೀರ್ಘ ಅವಧಿಯಲ್ಲಿ ಹೆಚ್ಚಿನ ಆಕ್ಟಿವ್ ಫಂಡ್‌ಗಳು ತಮ್ಮ ಇಂಡೆಕ್ಸ್‌ಗಿಂತ ಹಿಂದೆ ಬೀಳುತ್ತವೆ ಎಂದು ಎಸ್ ಆ್ಯಂಡ್ ಪಿ ಸಂಸ್ಥೆಯ ಸ್ಪೀವಾ ವರದಿಗಳು ವರ್ಷ ವರ್ಷ ತೋರಿಸುತ್ತಿವೆ. ಫ್ಯಾಕ್ಟ್‌ಶೀಟ್ ಓದುವಷ್ಟು ಆಸಕ್ತಿ ಇಲ್ಲದವರಿಗೆ ನಾನು ಇಂಡೆಕ್ಸ್ ಫಂಡನ್ನೇ ಹೇಳುತ್ತೇನೆ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಯಾರಿಗೆ ಎಷ್ಟು ಬೇಕು ಎಂಬುದು ಅವರ ದುಡಿಮೆ ಎಲ್ಲಿಂದ ಬರುತ್ತದೆ ಎಂಬುದರ ಮೇಲಿದೆ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಫೌಂಡ್ರಿ ಇಟ್ಟು ಹೊರದೇಶಕ್ಕೆ ಕಾಸ್ಟಿಂಗ್ ಕಳಿಸುವವರ ಆದಾಯ ಆಗಲೇ ಡಾಲರ್, ಯೂರೋಗೆ ಕಟ್ಟಿಕೊಂಡಿದೆ. ಹತ್ತರಗಿಯ ಎಸ್‌ಇಝಡ್‌ನಲ್ಲಿ (ವಿಶೇಷ ಆರ್ಥಿಕ ವಲಯ) ವಿಮಾನದ ಬಿಡಿಭಾಗ ಮಾಡುವ ಕಂಪನಿಯ ಉದ್ಯೋಗಿಯದೂ ಅದೇ ಕಥೆ. ಅಲ್ಲಿ ಆರ್ಡರ್ ಕಡಿಮೆಯಾದ ಹೊತ್ತಿಗೇ ಜಾಗತಿಕ ಶೇರುಗಳೂ ಬಿದ್ದಿರಬಹುದು. ಇವರಿಗೆ ಸ್ವಲ್ಪ ಸಾಕು. ಅದೇ ಬೈಲಹೊಂಗಲ ಕಡೆಯ ಶಿಕ್ಷಕ ದಂಪತಿಯನ್ನು ನೋಡಿ: ಸಂಬಳ ರೂಪಾಯಿ, ಸೈಟು ಇಲ್ಲೇ, ಎಫ್‌ಡಿ ಇಲ್ಲೇ, ಮಗಳಿಗೆ ಮಾತ್ರ ಮುಂದೆ ಹೊರದೇಶದಲ್ಲಿ ಓದುವ ಆಸೆ. 2011ರ ಮಧ್ಯದಲ್ಲಿ ಒಂದು ಡಾಲರ್‌ಗೆ ಸುಮಾರು 45 ರೂಪಾಯಿ ಇತ್ತು, 2022ರ ಅಕ್ಟೋಬರ್‌ನಲ್ಲಿ 83 ಆಯಿತು. ಇಂಥವರಿಗೆ ಶೇರಿನ ಭಾಗದಲ್ಲಿ 10ರಿಂದ 15% ಜಾಗತಿಕ ಫಂಡ್ ಇರಲಿ ಅನ್ನುತ್ತೇನೆ. ರೂಪಾಯಿ ಯಾವಾಗಲೂ ಇಳಿಯುತ್ತದೆ ಎಂಬ ನಂಬಿಕೆಯಿಂದ ಅಲ್ಲ. 2002ರಿಂದ 2007ರ ನಡುವೆ ಡಾಲರ್ 49ರಿಂದ 39ಕ್ಕೆ ಬಂದದ್ದೂ ಇದೆ.

ಹಾಕಿದ ಮೇಲೆ ಇನ್ನೊಂದು ತೊಡಕು. ನಮ್ಮ ಮ್ಯೂಚುವಲ್ ಫಂಡ್‌ಗಳೆಲ್ಲ ಸೇರಿ ಹೊರದೇಶದ ಶೇರು, ಫಂಡ್‌ಗಳಲ್ಲಿ 700 ಕೋಟಿ ಡಾಲರ್ ಮೀರುವಂತಿಲ್ಲ, ಒಂದೊಂದು ಫಂಡ್ ಸಂಸ್ಥೆಗೆ 100 ಕೋಟಿ ಡಾಲರ್. ಶೇರುಪೇಟೆಯಲ್ಲಿ ಶೇರಿನಂತೆ ಕೊಂಡು ಮಾರುವ ಫಂಡ್‌ಗಳಾದ ವಿದೇಶಿ ಇಟಿಎಫ್‌ಗಳಿಗೆ ಬೇರೆ ಮಿತಿ ಇದೆ. 2022ರ ಆರಂಭದಲ್ಲಿ ಆ 700 ಕೋಟಿ ಡಾಲರ್ ಮಿತಿ ಹತ್ತಿರ ಬಂದಾಗ ಶೇರುಪೇಟೆಯ ನಿಯಂತ್ರಕ ಸೆಬಿ ಹೊಸ ಹೂಡಿಕೆ ನಿಲ್ಲಿಸಲು ಹೇಳಿತು. ಅದೇ ವರ್ಷ ಜೂನ್‌ನಲ್ಲಿ, ಫೆಬ್ರುವರಿ 1ರ ಮಟ್ಟ ಮೀರದಂತೆ ಮತ್ತೆ ಅವಕಾಶ ಕೊಟ್ಟಿತು. ಅಂದಿನಿಂದ ಎಷ್ಟೋ ಫಂಡ್‌ಗಳ ಬಾಗಿಲು ತೆರೆಯುವುದು, ಮುಚ್ಚುವುದು ನಡೆದೇ ಇದೆ. ತಿಂಗಳು ತಿಂಗಳು ಹಾಕುವ ಎಸ್‌ಐಪಿ ನಿಂತರೆ ಗಾಬರಿಯಾಗಬೇಡಿ, ಇರುವ ಯೂನಿಟ್ ಹಾಗೇ ಇರುತ್ತವೆ. ಆದರೆ ಬಿದ್ದಿತೆಂದು ಮಾರಿ, ಆಮೇಲೆ ಮತ್ತೆ ಕೊಳ್ಳೋಣ ಅಂದುಕೊಂಡರೆ, ಆಗ ಬಾಗಿಲು ತೆರೆದಿರುತ್ತದೆ ಎಂಬ ಖಾತ್ರಿ ಇಲ್ಲ.

ತೆರಿಗೆ ಮೊದಲಿಗಿಂತ ಈಗ ವಾಸಿ. 2023ರ ಏಪ್ರಿಲ್‌ನಿಂದ ಕೊಂಡ ಯೂನಿಟ್‌ಗಳ ಲಾಭಕ್ಕೆ ನಿಮ್ಮ ಆದಾಯ ತೆರಿಗೆಯ ಸ್ಲ್ಯಾಬ್ ದರವೇ ಬೀಳುತ್ತಿತ್ತು. 2024ರ ಬಜೆಟ್ ಅದನ್ನು ಬದಲಿಸಿತು. 2025ರ ಏಪ್ರಿಲ್ 1ರಿಂದ ಈಚೆಗೆ ಮಾರುವವರಿಗೆ, 24 ತಿಂಗಳು ಮೀರಿ ಇಟ್ಟಿದ್ದರೆ 12.5%, ಅದಕ್ಕೂ ಮೊದಲು ಮಾರಿದರೆ ಸ್ಲ್ಯಾಬ್ ದರ. ದೇಶೀ ಈಕ್ವಿಟಿ ಫಂಡ್‌ಗೆ ಸಿಗುವ 1.25 ಲಕ್ಷದ ವಿನಾಯಿತಿ ಇಲ್ಲಿ ಸಿಗುವುದಿಲ್ಲ. ಮಾರಿದ ದುಡ್ಡು ಖಾತೆಗೆ ಬರಲು 5 ಕೆಲಸದ ದಿನ ಹಿಡಿಯಬಹುದು. ಮಗಳ ಫೀಸು ಕಟ್ಟುವವರಿಗೆ ನಾನು ಹೇಳುವುದು, ಆ ದುಡ್ಡನ್ನು ಮೂರು ವರ್ಷ ಮೊದಲೇ ಕಂತು ಕಂತಾಗಿ ಹೊರಗೆ ತೆಗೆಯಲು ಶುರು ಮಾಡಿ. ಅಡ್ಮಿಷನ್ ಆದ ವರ್ಷ 2022ರಂಥ ವರ್ಷವಾದರೆ ಕಾಲೇಜು ನಿಮಗಾಗಿ ಕಾಯುವುದಿಲ್ಲ.